ಮೆಷಿನ್ ಕೊಳ್ಳುವ ಮೊದಲು ಮನೆಯನ್ನು ನೋಡೋಣ

ಮಳೆಗಾಲ ಹತ್ತಿರವಾಗುತ್ತಿದ್ದಂತೆ ನಮ್ಮ ಕಾಸರಗೋಡು ಸೀಮೆಯ ಎಷ್ಟೋ ಮನೆಗಳಲ್ಲಿ ಒಂದೇ ಮಾತು ಏಳುತ್ತದೆ: ‘ಈ ವರ್ಷವಾದರೂ ಒಂದು ವಾಷಿಂಗ್ ಮೆಷಿನ್ ತಂದುಬಿಡೋಣ.’ ಜೂನ್ ತಿಂಗಳಲ್ಲಿ ಹಿಡಿದ ಮಳೆ ಆಟಿ ಕಳೆಯುವವರೆಗೂ ಬಿಡುವುದಿಲ್ಲ. ಒಗೆದು ಹಾಕಿದ ಬಟ್ಟೆ ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಹಾಕಿದರೆ ಹೊಗೆಯ ವಾಸನೆ. ಅಡಿಕೆ ಒಣಗಿಸುವ ಸೋಲಾರ್ ಗೂಡು ಇರುವವರು ಅದರೊಳಗೆ ಬಟ್ಟೆ ಹರವುತ್ತಾರೆ. ಇಲ್ಲದವರ ಮನೆಯ ಜಗಲಿ ಮೂರು ತಿಂಗಳು ಬಟ್ಟೆ ಅಂಗಡಿಯಂತೆ ಕಾಣುತ್ತದೆ.

ಮೆಷಿನ್ ಬೇಕೆಂದು ತೀರ್ಮಾನಿಸುವುದು ಸುಲಭ. ಯಾವುದು ಬೇಕೆಂದು ತೀರ್ಮಾನಿಸುವುದೇ ಕಷ್ಟ. ಅಂಗಡಿಯಲ್ಲಿ ಸಾಲಾಗಿ ನಿಂತ ಮೆಷಿನ್‌ಗಳೆಲ್ಲ ಹೊಳೆಯುತ್ತವೆ, ಎಲ್ಲವೂ ಚೆನ್ನಾಗಿ ಒಗೆಯುತ್ತವೆ ಎಂದೇ ಮಾರುವವರು ಹೇಳುತ್ತಾರೆ. ಮೇಲಿನಿಂದ ಬಟ್ಟೆ ಹಾಕುವ, ನಾವು ‘ಟಾಪ್ ಲೋಡ್’ ಎನ್ನುವ ಮೆಷಿನ್ ಒಂದನ್ನು ಆರಿಸುವಾಗ ನಮ್ಮ ಮನೆಯಲ್ಲಿ ನಡೆದ ವಿಚಾರವನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ಇದರಿಂದ ಒಂದೆರಡು ಕುಟುಂಬಗಳಿಗಾದರೂ ಉಪಯೋಗವಾದರೆ ನಮಗೆ ಸಂತೋಷ.

ನಮ್ಮ ಮನೆಗೆ ಮೆಷಿನ್ ಬಂದದ್ದು 2018ರ ಮೇ ತಿಂಗಳಲ್ಲಿ. ಅದರ ಹಿಂದಿನ ವರ್ಷ ಅಪ್ಪನಿಗೆ ಪಾರ್ಶ್ವವಾಯು ಬಡಿದು ಅವರು ಹಾಸಿಗೆ ಹಿಡಿದಿದ್ದರು. ನಾವಿಬ್ಬರೂ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡುವವರು. ಮನೆಯಲ್ಲಿ ಉಳಿಯುತ್ತಿದ್ದವರು ಅಪ್ಪ ಮತ್ತು ಎಪ್ಪತ್ತು ದಾಟಿದ ಅಮ್ಮ. ದಿನಕ್ಕೆ ಎರಡು, ಕೆಲವೊಮ್ಮೆ ಮೂರು ಹಾಸು ಬಟ್ಟೆ ಬದಲಿಸಬೇಕಾಗುತ್ತಿತ್ತು. ಅವನ್ನೆಲ್ಲ ಅಮ್ಮ ಹಿತ್ತಲಿನ ಕಲ್ಲಿನ ಮೇಲೆ ಒಗೆಯುತ್ತಿದ್ದರು. ಮಳೆಗಾಲದಲ್ಲಿ ಆ ಕಲ್ಲಿನ ಸುತ್ತ ಹಾವಸೆ ಕಟ್ಟುತ್ತದೆ. ಮಂಡಿ ನೋವಿನ ಅಮ್ಮ ಅಲ್ಲಿ ಬಗ್ಗಿ ನಿಲ್ಲುವುದನ್ನು ನೋಡಿ ಕೆಲಸಕ್ಕೆ ಹೋದರೆ ದಿನವಿಡೀ ನಮ್ಮ ಮನಸ್ಸು ಮನೆಯಲ್ಲೇ ಇರುತ್ತಿತ್ತು.

ಆದರೆ ಮೆಷಿನ್ ಎಂದ ಕೂಡಲೇ ಬೇಡ ಎಂದವರು ಅಮ್ಮನೇ. ‘ಅದು ಬಟ್ಟೆಯನ್ನು ತಿರುಗಿಸುತ್ತದೆ, ಒಗೆಯುವುದಿಲ್ಲ’ ಎಂಬುದು ಅವರ ಮೊದಲ ಮಾತು. ಸ್ವಲ್ಪ ದಿನ ಕಳೆದ ಮೇಲೆ ಎರಡನೆಯ ಮಾತು ಬಂತು: ‘ನಿಮ್ಮ ಅಪ್ಪನ ಬಟ್ಟೆ ಒಗೆಯುವುದು ನನಗೆ ಭಾರ ಎಂದು ನಾನು ಯಾವತ್ತಾದರೂ ಹೇಳಿದ್ದೇನೆಯೇ?’ ಹೇಳಿರಲಿಲ್ಲ. ಮಾತು ಕಡಿಮೆಯಾಗಿ ಹೋಗಿದ್ದ ಅಪ್ಪನಿಗೆ ಅಮ್ಮ ಕೊಡಬಹುದಾಗಿದ್ದ ಮರ್ಯಾದೆ ಎಂದರೆ ಶುಭ್ರವಾದ ಹಾಸಿಗೆ. ಅದನ್ನು ಒಂದು ಯಂತ್ರಕ್ಕೆ ಒಪ್ಪಿಸಲು ಅವರಿಗೆ ಮನಸ್ಸಿರಲಿಲ್ಲ. ಹಾಗಾಗಿ ಮೆಷಿನ್ ಆರಿಸುವ ಕೆಲಸವನ್ನೇ ನಾವು ಅವರಿಗೆ ಒಪ್ಪಿಸಿದೆವು. ಒಗೆಯುವವರು ಯಾರೋ ಅವರೇ ಆರಿಸಬೇಕು ಎಂಬುದು ಇಂದಿಗೂ ನಮ್ಮ ಅಭಿಪ್ರಾಯ. ದುಡ್ಡು ಕೊಡುವವರು ಬಣ್ಣ, ಬಟನ್ ನೋಡುತ್ತಾರೆ. ಒಗೆಯುವವರು ಕೊರಳಪಟ್ಟಿ ನೋಡುತ್ತಾರೆ.

ಬಟ್ಟೆ ಶುಭ್ರವಾಗುವುದು ಹೇಗೆ?

ಅಮ್ಮನ ಮೊದಲ ಪ್ರಶ್ನೆಗೆ ಉತ್ತರ ಹುಡುಕಿದಾಗ ಒಂದು ವಿಷಯ ತಿಳಿಯಿತು. ಹರ್ಬರ್ಟ್ ಸಿನ್ನರ್ ಎಂಬ ಜರ್ಮನ್ ತಜ್ಞರು 1959ರಲ್ಲಿ ಒಂದು ಸರಳ ಸೂತ್ರ ಹೇಳಿದ್ದರು. ಕೊಳೆ ಹೋಗಲು ನಾಲ್ಕು ಸಂಗತಿಗಳು ಕೂಡಿ ಬರಬೇಕು: ಸಾಬೂನು, ಉಜ್ಜಾಟ, ನೀರಿನ ಬಿಸಿ ಮತ್ತು ಸಮಯ. ಒಂದು ಕಡಿಮೆಯಾದರೆ ಇನ್ನೊಂದನ್ನು ಹೆಚ್ಚಿಸಿ ಸರಿದೂಗಿಸಬೇಕು. ಕಲ್ಲಿನ ಮೇಲೆ ಒಗೆಯುವಾಗ ಉಜ್ಜಾಟ ಹೆಚ್ಚು, ಸಮಯ ಕಡಿಮೆ. ಟಾಪ್ ಲೋಡ್ ಮೆಷಿನ್‌ನಲ್ಲಿ ತೊಟ್ಟಿಯ ತಳದಲ್ಲಿರುವ ತಟ್ಟೆ ತಿರುಗಿ ನೀರನ್ನು ಕಲಕುತ್ತದೆ. ಬಟ್ಟೆ ಬಟ್ಟೆಗೆ ಉಜ್ಜುತ್ತದೆ. ಅಲ್ಲಿ ಉಜ್ಜಾಟ ಮೃದು. ಆದ್ದರಿಂದ ನೆನೆಸುವ ಸಮಯವನ್ನು ನಾವು ಕೊಡಬೇಕು.

ಇದನ್ನು ಕೇಳಿದ ಅಮ್ಮ, ‘ಹಾಗಾದರೆ ಅರ್ಧ ಗಂಟೆ ನೆನೆಯಲು ಬಿಡುವ ಬಟನ್ ಇರುವುದನ್ನು ನೋಡಿ’ ಎಂದರು. ಅಂಗಡಿಯಲ್ಲಿ ನಾವು ಕೇಳಿದ ಮೊದಲ ಪ್ರಶ್ನೆಯೇ ಅದು. ಹದಿನಾರು ಬಗೆಯ ಒಗೆತ ಇದೆ ಎಂದು ಬರೆದ ಮೆಷಿನ್‌ಗಳಿವೆ. ನಾವು ವಿಚಾರಿಸಿದ ಮನೆಗಳಲ್ಲೆಲ್ಲ ಬಳಕೆಯಲ್ಲಿದ್ದದ್ದು ಮೂರೇ: ಸಾಮಾನ್ಯ ಒಗೆತ, ಬೇಗ ಮುಗಿಯುವ ಒಗೆತ, ನೆನೆಸಿ ಒಗೆಯುವುದು.

ನೀರು ಕಾಯಿಸುವ ಹೀಟರ್ ಇರುವ ಟಾಪ್ ಲೋಡ್ ಮೆಷಿನ್‌ಗಳೂ ಇವೆ. 50 ಲೀಟರ್ ನೀರನ್ನು 60 ಡಿಗ್ರಿಗೆ ಕಾಯಿಸಲು ಸುಮಾರು ಎರಡು ಯೂನಿಟ್ ಕರೆಂಟು ಬೇಕು. ಹೀಟರ್ ಇಲ್ಲದ ಮೆಷಿನ್ ಒಂದು ಸಲ ಒಗೆಯಲು ಅರ್ಧ ಯೂನಿಟ್ ಕೂಡ ತೆಗೆದುಕೊಳ್ಳುವುದಿಲ್ಲ. ನಮ್ಮ ಬಚ್ಚಲಿನಲ್ಲಿ ತೆಂಗಿನ ಸಿಪ್ಪೆಯ ಉರಿಯಲ್ಲಿ ಹಂಡೆಯ ನೀರು ಹೇಗೂ ಕಾಯುತ್ತಿರುತ್ತದೆ. ಆದ್ದರಿಂದ ಹೀಟರ್ ಬೇಡವೆಂದೆವು. ಅಪ್ಪನ ಹಾಸು ಬಟ್ಟೆಯನ್ನು ಮೊದಲು ತೊಳೆದು, ಬಕೆಟಿನಲ್ಲಿ ಸಾಬೂನು ಪುಡಿ ಹಾಕಿದ ಬಿಸಿನೀರಿನಲ್ಲಿ ನೆನೆಸಿ, ಆಮೇಲೆ ಮೆಷಿನ್‌ಗೆ ಹಾಕುವುದು ಎಂದು ಕ್ರಮ ಮಾಡಿಕೊಂಡೆವು. ಆ ಮೊದಲ ತೊಳೆತವನ್ನು ಯಾವ ಮೆಷಿನ್ ಕೂಡ ನಮಗಾಗಿ ಮಾಡಿಕೊಡುವುದಿಲ್ಲ. ರೋಗಿ ಇರುವ ಮನೆಯವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಸೆಮಿಯೋ, ಪೂರ್ತಿ ಆಟೋಮ್ಯಾಟಿಕ್ಕೋ?

ಟಾಪ್ ಲೋಡ್‌ನಲ್ಲಿ ಎರಡು ಜಾತಿ. ಒಗೆಯಲು ಒಂದು ತೊಟ್ಟಿ, ಹಿಂಡಲು ಇನ್ನೊಂದು ತೊಟ್ಟಿ ಇರುವುದು ಸೆಮಿ ಆಟೋಮ್ಯಾಟಿಕ್. ಎಲ್ಲವೂ ಒಂದೇ ತೊಟ್ಟಿಯಲ್ಲಿ ನಡೆಯುವುದು ಪೂರ್ತಿ ಆಟೋಮ್ಯಾಟಿಕ್. ಸೆಮಿಯನ್ನು ಬಡವರ ಮೆಷಿನ್ ಎಂದು ಕಡೆಗಣಿಸಬಾರದು. ಅದಕ್ಕೆ ನೀರಿನ ಒತ್ತಡ ಬೇಕಿಲ್ಲ, ಬಕೆಟಿನಿಂದ ಸುರಿದರೂ ನಡೆಯುತ್ತದೆ. ಬಿಳಿ ಬಟ್ಟೆ ಒಗೆದ ಸಾಬೂನು ನೀರಿನಲ್ಲೇ ಬಣ್ಣದ ಬಟ್ಟೆಯನ್ನೂ ಒಗೆಯಬಹುದು. ಬಾವಿ ತಳ ಕಾಣುವ ಏಪ್ರಿಲ್, ಮೇ ತಿಂಗಳಲ್ಲಿ ಇದು ದೊಡ್ಡ ಅನುಕೂಲ. ಹಿಂಡುವ ತೊಟ್ಟಿ ಸಾಮಾನ್ಯವಾಗಿ ನಿಮಿಷಕ್ಕೆ 1300 ಸುತ್ತಿನಷ್ಟು ತಿರುಗುವುದರಿಂದ ಬಟ್ಟೆ ಚೆನ್ನಾಗಿ ನೀರು ಬಿಡುತ್ತದೆ. ಪೂರ್ತಿ ಆಟೋಮ್ಯಾಟಿಕ್ ಟಾಪ್ ಲೋಡ್ ತಿರುಗುವುದು 700 ಸುತ್ತಿನ ಆಸುಪಾಸು. ನಮ್ಮ ಮಳೆಗಾಲಕ್ಕೆ ಇದು ಸಣ್ಣ ವ್ಯತ್ಯಾಸವಲ್ಲ. ಬೆಲೆಯೂ ಬಹಳ ಕಡಿಮೆ, ಕೆಡುವ ಭಾಗಗಳೂ ಕಡಿಮೆ.

ಇಷ್ಟೆಲ್ಲ ಗುಣವಿದ್ದೂ ನಾವು ಅದನ್ನು ಕೊಳ್ಳಲಿಲ್ಲ. ಕಾರಣ ಒಂದೇ. ನೀರು ಕುಡಿದ ಹಾಸು ಬಟ್ಟೆಯನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಎತ್ತಿ ಹಾಕಬೇಕು. ಹಗಲು ಹೊತ್ತು ಒಬ್ಬರೇ ಇರುವ ಅಮ್ಮನ ಕೈಗೆ ಅದು ಆಗದ ಕೆಲಸ. ಮನೆಯಲ್ಲಿ ಗಟ್ಟಿ ಕೈಗಳಿದ್ದು, ನೀರು ಕಡಿಮೆ ಇದ್ದರೆ ಸೆಮಿ ಸಾಕು. ವಯಸ್ಸಾದವರೇ ಒಗೆಯಬೇಕಾದರೆ ಪೂರ್ತಿ ಆಟೋಮ್ಯಾಟಿಕ್ ಬೇಕು. ಮುಂದಿನ ಬಾಗಿಲಿನಿಂದ ಬಟ್ಟೆ ಹಾಕುವ ಮೆಷಿನ್ ನೀರನ್ನು ಇನ್ನೂ ಕಡಿಮೆ ಬಳಸುತ್ತದೆ ನಿಜ. ಆದರೆ ಅದಕ್ಕೆ ಬಗ್ಗಬೇಕು. ಮಂಡಿ ನೋವಿನವರಿಗೆ ನಿಂತಲ್ಲೇ ಬಟ್ಟೆ ಹಾಕಿ ತೆಗೆಯುವುದೇ ಹಿತ.

ಎಷ್ಟು ಕಿಲೋದ್ದು ಎಂಬುದೂ ಒಂದು ಪ್ರಶ್ನೆ. ಮೆಷಿನ್ ಮೇಲೆ ಬರೆದ ಕಿಲೋ ಒಣ ಬಟ್ಟೆಯ ಲೆಕ್ಕ. ಅಂದಾಜಿನ ಬದಲು ತೂಕ ಮಾಡಿಯೇ ನೋಡೋಣವೆಂದು ಒಂದು ದಿನದ ಬಟ್ಟೆಯನ್ನು ಚೀಲಕ್ಕೆ ತುಂಬಿ ತಕ್ಕಡಿಗೆ ಹಾಕಿದೆವು. ದೊಡ್ಡ ಹಾಸು ಬಟ್ಟೆ ಒಂದು ಮುಕ್ಕಾಲು ಕಿಲೋ, ಜೀನ್ಸ್ ಪ್ಯಾಂಟ್ ಒಂದು ಅರ್ಧ ಕಿಲೋಗಿಂತ ಹೆಚ್ಚು, ಅಂಗಿ ಕಾಲು ಕಿಲೋಗಿಂತ ಕಡಿಮೆ. ದಿನಕ್ಕೆ ಐದು ಕಿಲೋ ದಾಟಲಿಲ್ಲ. ತೊಟ್ಟಿಯನ್ನು ಬಾಯಿಯವರೆಗೆ ತುಂಬಿದರೆ ಬಟ್ಟೆ ಅಲುಗಾಡದೆ ಕೊಳೆ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಸ್ವಲ್ಪ ಜಾಗ ಬಿಟ್ಟು ಏಳು ಕಿಲೋದ್ದು ಸಾಕೆಂದು ನಿಶ್ಚಯಿಸಿದೆವು. ಅಂಗಡಿಯವರು ಒಂಬತ್ತು ಕಿಲೋದ್ದನ್ನು ತೋರಿಸಿದರು. ‘ಕಂಬಳಿ ಒಗೆಯಬಹುದು’ ಎಂದರು. ‘ಕಂಬಳಿ ನಾವು ವರ್ಷಕ್ಕೆ ಒಂದು ಸಲ ಒಗೆಯುವುದು’ ಎಂದರು ಅಮ್ಮ.

ನಮ್ಮ ನೀರು, ನಮ್ಮ ಟ್ಯಾಂಕಿ

ಅಂಗಡಿಯಲ್ಲಿ ಯಾರೂ ಕೇಳದ ಎರಡು ವಿಷಯಗಳಿವೆ. ಮೊದಲನೆಯದು ಟ್ಯಾಂಕಿಯ ಎತ್ತರ. ಪೂರ್ತಿ ಆಟೋಮ್ಯಾಟಿಕ್ ಮೆಷಿನ್ ತಾನಾಗಿ ನೀರು ತುಂಬಿಕೊಳ್ಳಬೇಕಾದರೆ ಒತ್ತಡ ಬೇಕು. ಸಾಮಾನ್ಯವಾಗಿ ಟ್ಯಾಂಕಿಯ ನೀರು ಮೆಷಿನ್‌ನ ನಳ್ಳಿಗಿಂತ ಮೂರು ಮೀಟರ್, ಅಂದರೆ ಸುಮಾರು ಹತ್ತು ಅಡಿ ಮೇಲಿರಬೇಕು. ನಮ್ಮ ಟ್ಯಾಂಕಿ ಬಚ್ಚಲಿನ ಮಾಡಿನ ಮೇಲೆ, ನಳ್ಳಿಯಿಂದ ಐದೇ ಅಡಿ ಎತ್ತರದಲ್ಲಿತ್ತು. ಅಷ್ಟರಲ್ಲಿ ನೀರು ತುಂಬಲು ಮುಕ್ಕಾಲು ಗಂಟೆ ಹಿಡಿಯುತ್ತದೆ, ಇಲ್ಲವೇ ಮೆಷಿನ್ ನೀರಿಲ್ಲವೆಂದು ಕೂಗಿ ನಿಂತುಬಿಡುತ್ತದೆ. ಮೆಷಿನ್ ತರುವ ಮೊದಲೇ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಟ್ಯಾಂಕಿಯನ್ನು ಎತ್ತರಿಸಿದೆವು. ಕಡಿಮೆ ಒತ್ತಡಕ್ಕೆಂದೇ ಬೇರೆ ವಾಲ್ವ್ ಇರುವ ಮೆಷಿನ್‌ಗಳೂ ಸಿಗುತ್ತವೆ. ಟ್ಯಾಂಕಿ ಎತ್ತರಿಸಲಾಗದವರು ಅದನ್ನು ಕೇಳಬೇಕು.

ಎರಡನೆಯದು ನೀರಿನ ಗುಣ. ನಮ್ಮ ಭಾಗದ ಬೋರ್‌ವೆಲ್ ನೀರಿನಲ್ಲಿ ಎಷ್ಟೋ ಕಡೆ ಕಬ್ಬಿಣದ ಅಂಶವಿದೆ. ಮೇಲೆ ಬರುವಾಗ ತಿಳಿಯಾಗಿರುವ ನೀರು ಗಾಳಿ ತಾಗಿ ಸ್ವಲ್ಪ ಹೊತ್ತಿಗೆ ಕೆಂಪಾಗುತ್ತದೆ. ಮಗಳ ಪ್ರಥಮ ಪರಮಪ್ರಸಾದದ ಬಿಳಿ ಉಡುಪನ್ನು ಅಂಥ ನೀರಿನಲ್ಲಿ ಒಗೆದು, ಅದು ಹಳದಿಯಾದದ್ದಕ್ಕೆ ಮೆಷಿನ್ ಅನ್ನು ಬೈದವರನ್ನು ನಾವು ಬಲ್ಲೆವು. ಅದು ಮೆಷಿನ್‌ನ ದೋಷವಲ್ಲ. ನೀರನ್ನು ಒಂದು ರಾತ್ರಿ ಟ್ಯಾಂಕಿಯಲ್ಲಿ ತಂಗಲು ಬಿಟ್ಟು, ತಳದ ಕೆಸರು ಬಾರದಂತೆ ಸ್ವಲ್ಪ ಮೇಲಿನಿಂದ ಪೈಪ್ ಎಳೆದರೆ ಎಷ್ಟೋ ಸುಧಾರಿಸುತ್ತದೆ. ಬಾವಿ ಅಥವಾ ಸುರಂಗದ ಒಳ್ಳೆಯ ನೀರು ಇರುವವರು ಬಿಳಿ ಬಟ್ಟೆಗೆ ಅದನ್ನೇ ಬಳಸಲಿ. ಕಬ್ಬಿಣದ ಕಲೆಗೆ ಬ್ಲೀಚ್ ಹಾಕಬಾರದು, ಕಲೆ ಇನ್ನಷ್ಟು ಗಟ್ಟಿಯಾಗುತ್ತದೆ. ಹಿತ್ತಲಿನ ಬಿಂಬುಳಿಯ ರಸ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯುವ ನಮ್ಮ ಅಜ್ಜಿಯ ಕಾಲದ ಉಪಾಯವೇ ಸರಿ. ಬಿಂಬುಳಿಯಲ್ಲಿ ತುಕ್ಕಿನ ಕಲೆ ಕರಗಿಸುವ ಆಕ್ಸಾಲಿಕ್ ಆಮ್ಲ ಇದೆ. ಇನ್ನು ಬಾಳೆಯ ಕಲೆ, ಅಡಿಕೆಯ ಚೊಗರು, ಗೇರುಹಣ್ಣಿನ ರಸ, ಇವನ್ನು ತೆಗೆಯುತ್ತೇನೆಂದು ಯಾವ ಮೆಷಿನ್ ಹೇಳಿದರೂ ನಂಬಬೇಡಿ. ತೋಟಕ್ಕೊಂದು ಅಂಗಿ ಬೇರೆಯೇ ಇರಲಿ.

ಕೆಟ್ಟರೆ ಯಾರು ಬರುತ್ತಾರೆ?

ನಂಬಿಕೆಯ ಮೆಷಿನ್ ಯಾವುದು ಎಂದು ತಿಳಿಯಲು ನಾವು ಹಿಡಿದ ದಾರಿ ಸರಳ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಪರಿಚಯದ ಏಳೆಂಟು ಮನೆಯವರನ್ನು ವಿಚಾರಿಸಿದೆವು. ‘ನಿಮ್ಮ ಮೆಷಿನ್ ಹೇಗಿದೆ?’ ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಆದ್ದರಿಂದ ಹಾಗೆ ಕೇಳಲಿಲ್ಲ. ಎಷ್ಟು ವರ್ಷವಾಯಿತು, ಏನು ಕೆಟ್ಟಿತು, ಯಾರು ಬಂದರು, ಎಷ್ಟು ದಿನಕ್ಕೆ ಬಂದರು, ಎಷ್ಟು ಖರ್ಚಾಯಿತು ಎಂದು ಕೇಳಿದೆವು. ಆಗ ನಿಜವಾದ ಕತೆಗಳು ಹೊರಬಂದವು. ಒಂದು ಮನೆಯಲ್ಲಿ ಇಲಿ ಕೆಳಗಿನಿಂದ ಹೊಕ್ಕು ವಯರ್ ಕಡಿದಿತ್ತು. ಇನ್ನೊಂದರಲ್ಲಿ ಸಿಡಿಲಿಗೆ ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಸುಟ್ಟಿತ್ತು. ‘ಹತ್ತು ವರ್ಷ ವಾರಂಟಿ’ ಎಂದು ದೊಡ್ಡ ಅಕ್ಷರದಲ್ಲಿ ಬರೆದದ್ದು ಮೋಟಾರಿಗೆ ಮಾತ್ರ. ಬೋರ್ಡಿಗಲ್ಲ ಎಂದು ಅವರಿಗೆ ತಿಳಿದದ್ದು ಆಗಲೇ. ವಾರಂಟಿ ಕಾರ್ಡನ್ನು ಅಂಗಡಿಯಲ್ಲೇ ಓದಬೇಕು. ಇಡೀ ಮೆಷಿನ್‌ಗೆ ಎಷ್ಟು ವರ್ಷ ಎಂಬುದೇ ಮುಖ್ಯ.

ಗಡಿನಾಡಿನವರಾದ ನಮಗೆ ಇನ್ನೊಂದು ಪ್ರಶ್ನೆಯೂ ಇದೆ. ಮಂಗಳೂರಿನಲ್ಲಿ ಆಯ್ಕೆ ಹೆಚ್ಚು, ಅಲ್ಲಿಯವರು ನಮ್ಮ ಭಾಷೆಯಲ್ಲೇ ಮಾತನಾಡುತ್ತಾರೆ, ಒಂದೆರಡು ಸಾವಿರ ಕಡಿಮೆಗೂ ಸಿಗಬಹುದು. ಆದರೆ ದೂರು ಕೊಡಲು ಫೋನ್ ಮಾಡಿದಾಗ ಅವರು ಕೇಳುವುದು ಪಿನ್ ಕೋಡ್. 671 ಎಂದ ಕೂಡಲೇ ಕರೆ ಕೇರಳಕ್ಕೆ ತಿರುಗುತ್ತದೆ. ಅಮ್ಮನಿಗೆ ಮಲಯಾಳ ಅರ್ಥವಾಗುತ್ತದೆ, ಆದರೆ ಫೋನಿನಲ್ಲಿ ಮೆಷಿನ್‌ನ ಕಾಯಿಲೆ ವಿವರಿಸುವಷ್ಟು ಬಾರದು. ಕೊನೆಗೆ ಹತ್ತಿರದ ಪೇಟೆಯ, ಸ್ವಂತ ರಿಪೇರಿಯವರನ್ನು ಇಟ್ಟುಕೊಂಡಿರುವ ಅಂಗಡಿಯಲ್ಲೇ ಕೊಂಡೆವು. ಆ ಹುಡುಗ ತುಳುವಿನಲ್ಲಿ ಅಮ್ಮನಿಗೆ ಎಲ್ಲವನ್ನೂ ತೋರಿಸಿಕೊಟ್ಟ. ಯಾವ ಮಾದರಿಯ ಬಿಡಿಭಾಗ ತನ್ನಲ್ಲಿ ಯಾವಾಗಲೂ ಇರುತ್ತದೆ ಎಂದು ಅವನನ್ನೇ ಕೇಳಿ, ಅದೇ ಮಾದರಿಯನ್ನು ಆರಿಸಿದೆವು.

ಈ ಆಯ್ಕೆಯ ಬೆಲೆ ತಿಳಿದದ್ದು 2020ರಲ್ಲಿ. ಆ ವರ್ಷ ಮಾರ್ಚ್‌ನಲ್ಲಿ ಕೊರೋನಾ ಕಾರಣದಿಂದ ತಲಪಾಡಿಯ ಗಡಿ ಮುಚ್ಚಿದ್ದು ನಮ್ಮಲ್ಲಿ ಯಾರಿಗೂ ಮರೆತಿಲ್ಲ. ಜೂನ್‌ನಲ್ಲೂ ದಾಟಲು ಪಾಸು ಬೇಕಿತ್ತು. ಅದೇ ತಿಂಗಳು, ಜಡಿ ಮಳೆಯ ನಡುವೆ, ನಮ್ಮ ಮೆಷಿನ್‌ನಿಂದ ನೀರು ಹೊರಹೋಗುವುದು ನಿಂತಿತು. ಅಪ್ಪನ ಮೂರು ಹಾಸು ಬಟ್ಟೆಗಳು ಅದರೊಳಗೆ ನೆನೆಯುತ್ತಿದ್ದವು. ಆ ಹುಡುಗ ಮರುದಿನ ಮಾಸ್ಕ್ ಹಾಕಿಕೊಂಡು ಬೈಕಿನಲ್ಲಿ ಬಂದ. ನೀರು ಹೋಗುವ ವಾಲ್ವ್ ಬಿಚ್ಚಿ ಒಂದು ಒಂದು ರೂಪಾಯಿ ನಾಣ್ಯ, ಒಂದು ಅಂಗಿಯ ಗುಂಡಿ, ಒಂದಿಷ್ಟು ನೂಲಿನ ಗಂಟು ತೆಗೆದು ಅಮ್ಮನ ಕೈಗೆ ಕೊಟ್ಟ. ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಗಾಗಿ ವಾರಗಟ್ಟಲೆ ಕಾಯಬೇಕಾಗಿದ್ದರೆ ಅಮ್ಮ ಮತ್ತೆ ಆ ಹಾವಸೆಯ ಕಲ್ಲಿಗೇ ಹೋಗಬೇಕಿತ್ತು.

ಬಾಳಿಕೆಗೆ ನಾವು ಮಾಡುವುದು ಇಷ್ಟೇ. ಜೇಬು ನೋಡಿ ಬಟ್ಟೆ ಹಾಕುತ್ತೇವೆ. ಸಾಬೂನು ಪುಡಿಯನ್ನು ಅಳತೆಯಲ್ಲೇ ಹಾಕುತ್ತೇವೆ. ನೊರೆ ಹೆಚ್ಚಾದರೆ ಬಟ್ಟೆ ಜಾರುತ್ತದೆ, ಕೊಳೆ ಬಿಡುವುದಿಲ್ಲ, ಪುಡಿ ಬಟ್ಟೆಯಲ್ಲೇ ಉಳಿದು ಮಲಗಿದವರ ಚರ್ಮಕ್ಕೆ ತುರಿಕೆ. ನೂಲು ಹಿಡಿಯುವ ಜಾಲರಿಯನ್ನು ವಾರಕ್ಕೊಮ್ಮೆ ತೊಳೆಯುತ್ತೇವೆ. ಒಗೆದಾದ ಮೇಲೆ ಮುಚ್ಚಳ ತೆರೆದಿಡುತ್ತೇವೆ. ತಳಕ್ಕೆ ಇಲಿ ಬಾರದಂತೆ ಬಲೆ ಹಾಕಿಸಿದ್ದೇವೆ. ಅಕ್ಟೋಬರ್, ನವೆಂಬರ್‌ನ ಗುಡುಗು ಮಳೆಗೆ ಪ್ಲಗ್ ಕಿತ್ತಿಡುತ್ತೇವೆ. ಎಲ್ಲಕ್ಕಿಂತ ಮೊದಲು ಅರ್ತಿಂಗ್ ಸರಿಯಿದೆಯೇ ಎಂದು ಪರೀಕ್ಷೆ ಮಾಡಿಸಿದ್ದೆವು. ಒದ್ದೆ ನೆಲದಲ್ಲಿ ನಿಂತು ಮುಟ್ಟುವ ಯಂತ್ರವಿದು, ಇದರಲ್ಲಿ ಉದಾಸೀನ ಸಲ್ಲದು.

ಉಳಿದ ಸಮಯ ಯಾರಿಗೆ?

ಕೇಂದ್ರ ಸರಕಾರದ ಸಮಯ ಬಳಕೆಯ ಸಮೀಕ್ಷೆಯೊಂದಿದೆ. 2019ರ ಲೆಕ್ಕದ ಪ್ರಕಾರ ನಮ್ಮ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಿದ್ದರು. ಅದನ್ನು ಮಾಡುವ ಗಂಡಸರು 97 ನಿಮಿಷ. ಮೆಷಿನ್ ಬಂದರೆ ಈ ಲೆಕ್ಕ ತಾನಾಗಿ ಬದಲಾಗುವುದಿಲ್ಲ. ಎಷ್ಟೋ ಮನೆಗಳಲ್ಲಿ ‘ಹೇಗೂ ಮೆಷಿನ್ ಇದೆಯಲ್ಲ’ ಎಂದು ದಿನಕ್ಕೆ ಎರಡು ಅಂಗಿ ಬದಲಿಸುವವರು ಹುಟ್ಟಿಕೊಳ್ಳುತ್ತಾರೆ. ಒಣಗಿಸುವುದು, ಮಡಚುವುದು, ಇಸ್ತ್ರಿ ಎಲ್ಲ ಅದೇ ಕೈಗಳಿಗೆ ಬೀಳುತ್ತದೆ.

ನಮ್ಮಲ್ಲಿ ಒಂದು ಒಳ್ಳೆಯದಾಯಿತು. ಒಗೆಯುವ ಕಲ್ಲಿನ ಬಳಿ ಎಂದೂ ಸುಳಿಯದಿದ್ದ ಮಗ ಬಟನ್ ಒತ್ತಲು ತಾನೇ ಮುಂದೆ ಬಂದ. ಬಟನ್ ಒತ್ತಿದವನೇ ಒಣಗಿಸಬೇಕು ಎಂದು ಅಮ್ಮ ನಿಯಮ ಮಾಡಿದರು. ಅವನು ಈಗಲೂ ಅದನ್ನು ಪಾಲಿಸುತ್ತಾನೆ.

ಅಮ್ಮ ಆರಂಭದ ಕೆಲವು ವಾರ ಪ್ರತಿಯೊಂದು ಹಾಸು ಬಟ್ಟೆಯನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. ತೃಪ್ತಿಯಾಗದ್ದನ್ನು ಕೈಯಲ್ಲಿ ಮತ್ತೊಮ್ಮೆ ಉಜ್ಜುತ್ತಿದ್ದರು. ಕ್ರಮೇಣ ಅದು ಕಡಿಮೆಯಾಯಿತು. ಮೆಷಿನ್ ತಿರುಗುವ ಆ ಮುಕ್ಕಾಲು ಗಂಟೆ ಅವರು ಅಪ್ಪನ ಮಂಚದ ಬಳಿ ಕುರ್ಚಿ ಹಾಕಿ ಕುಳಿತು ದಿನಪತ್ರಿಕೆ ಓದಿ ಹೇಳುತ್ತಿದ್ದರು. ಅಪ್ಪ ಉತ್ತರ ಕೊಡುತ್ತಿರಲಿಲ್ಲ, ಆದರೆ ಕೇಳಿಸಿಕೊಳ್ಳುತ್ತಿದ್ದರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಹಗಲು ಹೊತ್ತು ಹೀಗೆ ಕುಳಿತದ್ದೇ ಇಲ್ಲ ಎಂದು ಅಮ್ಮ ಒಮ್ಮೆ ಹೇಳಿದರು. 2021ರಲ್ಲಿ ಅಪ್ಪ ತೀರಿಕೊಂಡರು. ಕೊನೆಯ ದಿನದವರೆಗೂ ಅವರ ಹಾಸಿಗೆ ಶುಭ್ರವಾಗಿತ್ತು, ಅಮ್ಮನೂ ಪಕ್ಕದಲ್ಲಿದ್ದರು.

ಪ್ರಿಯ ಓದುಗರೇ, ನಿಮ್ಮ ಮನೆಗೆ ಯಾವ ಹೆಸರಿನ ಮೆಷಿನ್ ಒಳ್ಳೆಯದೆಂದು ನಾವು ಹೇಳಲಾರೆವು. ನಿಮ್ಮ ನೀರು ಬೇರೆ, ಬಟ್ಟೆ ಬೇರೆ, ಕೈಗಳು ಬೇರೆ. ಪೇಟೆಗೆ ಹೋಗುವ ಮೊದಲು ಟ್ಯಾಂಕಿಯ ಎತ್ತರ ಅಳೆಯಿರಿ, ಒಂದು ದಿನದ ಬಟ್ಟೆ ತೂಗಿ ನೋಡಿ, ಹತ್ತಿರದಲ್ಲಿ ರಿಪೇರಿ ಮಾಡುವವರು ಯಾರೆಂದು ಕೇಳಿ ತಿಳಿಯಿರಿ. ಮತ್ತೆ, ಮನೆಯಲ್ಲಿ ಒಗೆಯುವವರು ಯಾರೋ ಅವರನ್ನೂ ಜೊತೆಯಲ್ಲಿ ಕರೆದುಕೊಂಡು ಹೋಗಿ.